ಏಳನೇ ಪುಸ್ತಕದ ಕೊನೇ ತುಂಡು

ಮೊದಲೇ ಹೇಳಿಬಿಡ್ತೀನಿ, ಆ ಪುಸ್ತಕವನ್ನು ಬೆಡ್‌ಶೀಟ್ ಜೊತೆ ಯಂತ್ರಕ್ಕೆ ತುಂಬಿದವಳು ನಾನಲ್ಲ. ಈಗಲೂ ಕೆಲವರು ಆ ಮಾತು ಎತ್ತಿ ಕಿಸಕ್ಕನೆ ನಗ್ತಾರೆ. ನಗಲಿ, ಅವರ ಬಾಯಿ, ಅವರ ಹಲ್ಲು. ನಾನು ಹೇಳೋಕೆ ಹೊರಟಿರೋದು ನನ್ನ ಕಥೆ ಅಲ್ಲ, ಇಸ್ತ್ರಿ ಅಕ್ಕನ ಕಥೆ. ಆದರೆ ಈ ಸುಳ್ಳನ್ನ ಬಿಟ್ಟು ಅದನ್ನ ಹೇಳೋಕಾಗಲ್ಲ.

ನಮ್ಮದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿರೋ ಲಾಂಡ್ರಿ. ಮೇಲೆ ಏನೇ ನಡೆಯಲಿ, ಹೆರಿಗೆ, ಆಪರೇಷನ್, ಸಾವು, ಅದರ ಬಟ್ಟೆಯೆಲ್ಲ ಗಂಟು ಕಟ್ಟಿಸಿಕೊಂಡು ನಮ್ಮ ಹತ್ತಿರ ಇಳಿಯುತ್ತೆ. ಗಂಟು ಬಿಚ್ಚಿ, ಒಂದೊಂದನ್ನೂ ಕೊಡವಿ ನೋಡಿ, ತೊಳೆಯೋ ಯಂತ್ರಕ್ಕೆ ತುಂಬೋದು ನನ್ನ ಕೆಲಸ. ಏನೇನು ಸಿಗುತ್ತೆ ಅಂತೀರಿ! ಕನ್ನಡಕ, ಹಲ್ಲಿನ ಸೆಟ್ಟು, ಮಕ್ಕಳ ಗಿಲಕಿ, ಒಂದು ಸಲ ಅರ್ಧ ಕಚ್ಚಿದ ಸೇಬು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಗಿದೆ, ಅದಕ್ಕೇ ಎಲ್ಲರೂ ನನ್ನನ್ನ ಗುಡುಗು ಅಂತಾರೆ. ಕೋಪಕ್ಕೆ ಅಂತಾರೋ ಗಂಟಲಿಗೆ ಅಂತಾರೋ ನಾನು ಕೇಳೋಕೆ ಹೋಗಿಲ್ಲ.

ನನ್ನ ಎದುರಿಗೆ ಸೂಜಿ ಕೂರ್ತಾಳೆ. ಹರಿದದ್ದನ್ನ ಹೊಲಿಯೋದು, ಕಿತ್ತ ಗುಂಡಿ ಹಚ್ಚೋದು ಅವಳ ಕೆಲಸ. ಮನಸ್ಸು ಬೆಣ್ಣೆ, ಕಣ್ಣು ನಲ್ಲಿ. ಗಾಜಿನ ಕೋಣೆಯಲ್ಲಿ ನಮ್ಮ ಮೇಸ್ತ್ರಿ ಇರ್ತಾರೆ. ಕೆಟ್ಟವರಲ್ಲ, ಆದರೆ ತಲೆನೋವಿನ ವಿಷಯ ಏನೇ ಬಂದರೂ "ಇರಲಿ ಬಿಡು" ಅನ್ನೋ ಜಾತಿ. ಆ ಕೊನೆಯಲ್ಲಿ, ಆಳೆತ್ತರದ ಇಸ್ತ್ರಿ ರೋಲರ್ ಮುಂದೆ ನಿಂತಿರೋಳು ಅಕ್ಕ. ನಮ್ಮೆಲ್ಲರಿಗಿಂತ ಹಳಬಳು. ಮಾತು ಕಡಿಮೆ. ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಒಂದೇ ಸಲ ಫಟ್ ಅಂತ ಕೊಡವಿದಳು ಅಂದರೆ ಸುಕ್ಕು ಅಲ್ಲೇ ಅರ್ಧ ಹೋಗ್ತಿತ್ತು.

ಮೊದಲನೇ ಪುಸ್ತಕ ನನಗೇ ಸಿಕ್ಕಿದ್ದು, ಒಂದು ದಿಂಬಿನ ಕವರ್ ಒಳಗೆ. ಇಟ್ಟಿಗೆಯಷ್ಟು ದಪ್ಪ. ಸ್ಕ್ಯಾಂಡಿನೇವಿಯಾ ಕಡೆಯ ಪತ್ತೇದಾರಿ ಕಾದಂಬರಿ, ನಮ್ಮ ಭಾಷೆಗೆ ಬಂದದ್ದು. ಸಿಕ್ಕಿದ ವಸ್ತು ಇಡೋ ಕಪಾಟಿನಲ್ಲಿ ಅದು ಸುಮಾರು ದಿನ ಕೂತಿತ್ತು, ಯಾರೂ ಕೇಳಿಕೊಂಡು ಬರಲಿಲ್ಲ. ಊಟದ ಹೊತ್ತಿಗೆ ಮೇಸ್ತ್ರಿ ಎತ್ತಿಕೊಂಡು ನಾಲ್ಕು ಪುಟ ಓದಿದರು. ಮಾರನೇ ದಿನ ಸೂಜಿ ಕಿತ್ತುಕೊಂಡಳು. ಮೂರನೇ ದಿನಕ್ಕೆ ನನಗೂ ಅವಳಿಗೂ ಜಗಳ ಹತ್ತಿಕೊಂಡಿತು. ಆಗ ಅಕ್ಕ ರೋಲರ್ ನಿಲ್ಲಿಸಿ ಬಂದು, "ಬ್ಲೇಡ್ ಕೊಡೇ ಸೂಜಿ" ಅಂದಳು.

ಬೆನ್ನಿಗೆ ಬ್ಲೇಡ್ ಹಾಕಿ ಪುಸ್ತಕವನ್ನು ನಾಲ್ಕು ತುಂಡು ಮಾಡಿದಳು. ಸೂಜಿ ಒಂದೊಂದನ್ನೂ ದಪ್ಪ ದಾರದಲ್ಲಿ ಹೊಲಿದು, ಆಪರೇಷನ್ ಥಿಯೇಟರಿನ ಹಳೇ ಹಸಿರು ಬಟ್ಟೆಯ ಹೊದಿಕೆ ಹಾಕಿದಳು. ಓದೋ ಸರದಿಯೂ ಅವತ್ತೇ ಗೊತ್ತಾಯ್ತು. ಮೊದಲು ಸೂಜಿ, ಆಮೇಲೆ ಮೇಸ್ತ್ರಿ, ಆಮೇಲೆ ನಾನು, ಕೊನೆಗೆ ಅಕ್ಕ. ಮುಂದೆ ಓದಿದವರು ಹಿಂದಿನವರ ಹತ್ತಿರ ತುಟಿ ಪಿಟಕ್ ಅನ್ನಬಾರದು. ಅಂದರೆ ಎಲ್ಲರಿಗೂ ಟೀ ಕೊಡಿಸಬೇಕು. ಯಾರು ಜಾಸ್ತಿ ಕೊಡಿಸಿದ್ದು ಅಂತ ಕೇಳಬೇಡಿ.

"ನೀನ್ಯಾಕಕ್ಕ ಕೊನೇಲಿ?" ಅಂತ ಕೇಳಿದ್ದೆ.

"ನಿಮ್ಮ ಮುಖ ನೋಡಿದ್ರೆ ಮುಂದೇನು ಕಾದಿದೆ ಅಂತ ಗೊತ್ತಾಗುತ್ತೆ. ಗೊತ್ತು ಮಾಡ್ಕೊಂಡು ಓದೋದು ನಂಗಿಷ್ಟ" ಅಂದಳು.

ಆ ಪುಸ್ತಕದ ಹೆಸರುಗಳೋ, ದೇವರೇ! ನಾಲಿಗೆಗೆ ಸಿಕ್ಕಿದರೆ ಕೇಳಿ. ಮೇಸ್ತ್ರಿ ಒಂದು ಹೆಸರು ಓದೋಕೆ ಹೋಗಿ ಬಾಯಲ್ಲಿದ್ದ ಟೀ ಚೆಲ್ಲಿಕೊಂಡರು. ಆಮೇಲೆ ನಾವೇ ನಾಮಕರಣ ಮಾಡಿಬಿಟ್ಟೆವು. ಯಾವಾಗಲೂ ಒದ್ದೆ ಕೋಟಿನಲ್ಲೇ ತಿರುಗೋ ಪೊಲೀಸ್ ಸಾಹೇಬ ನಮಗೆ ಕೋಟಪ್ಪ. ಅವನಿಗೊಬ್ಬಳು ತಂಗಿ. ಅವನು ಹುಡುಗನಾಗಿದ್ದಾಗ ಕೆಂಪು ಟೋಪಿ ಹಾಕಿಕೊಂಡು ಸರೋವರದ ಕಡೆ ಹೋದವಳು ತಿರುಗಿ ಬರಲೇ ಇಲ್ಲ. ಅವಳು ನಮಗೆ ಕೆಂಪು ಟೋಪಿ. ಒಂದೊಂದು ಪುಸ್ತಕದಲ್ಲೂ ಕೋಟಪ್ಪ ಬೇರೆ ಯಾರದೋ ಕೊಲೆ ಪತ್ತೆ ಹಚ್ಚೋನು. ಆದರೆ ಒಂದೊಂದರಲ್ಲೂ ಕೆಂಪು ಟೋಪಿಯ ಸುದ್ದಿ ಒಂದು ಎಳೆ ಬರ್ತಿತ್ತು, ಬಂದು ಕಡಿದುಹೋಗ್ತಿತ್ತು. ಬೆಂಕಿಯಂಥ ಹಬೆಯಲ್ಲಿ ಬೆವರು ಒರೆಸಿಕೊಳ್ತಾ ನಾವು ಅವರ ಹಿಮ ಓದಿದ್ದೇ ಓದಿದ್ದು. ಮೊದಲನೇದು ಮುಗಿದ ಮೇಲೆ ಎರಡನೇದು ತರಿಸಿದೆವು, ಮೂರನೇದು ತರಿಸಿದೆವು. ಒಟ್ಟು ಏಳು ಅಂತ ಕೊನೇ ಪುಟದಲ್ಲಿ ಹಾಕಿದ್ದರು.

ಇಸ್ತ್ರಿ ಅಕ್ಕನಿಗೂ ಒಬ್ಬ ತಂಗಿ ಇದ್ದಳು ಅನ್ನೋದು ನಮಗೆಲ್ಲ ಗೊತ್ತಿತ್ತು. ತಾಯಿ ಹೋದ ಮೇಲೆ ಅಕ್ಕನೇ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇಪ್ಪತ್ತು ವರ್ಷದ ಮೇಲಾಯ್ತು, ಒಂದು ಸಂಜೆ ಚಪ್ಪಲಿ ಹೊಲಿಸಿಕೊಂಡು ಬರ್ತೀನಿ ಅಂತ ಹೊರಟವಳು ಹೋಗಿದ್ದೇ ಹೋಗಿದ್ದು. ಪೊಲೀಸ್ ಠಾಣೆ, ಆಸ್ಪತ್ರೆ, ಶವಾಗಾರ, ಅಕ್ಕ ಹತ್ತದ ಮೆಟ್ಟಿಲಿಲ್ಲ. ಏನೂ ಸಿಗಲಿಲ್ಲ. ಮನೆಗೆ ಇದ್ದದ್ದು ಎರಡೇ ಕೀಲಿ, ಒಂದು ತಂಗಿಯ ಚೀಲದಲ್ಲಿ ಹೋಯ್ತು. ಅಕ್ಕ ಅವತ್ತಿನಿಂದ ಅದೇ ಕೋಣೆಯಲ್ಲಿ, ಅದೇ ಬಾಗಿಲು, ಅದೇ ಬೀಗ. ಬೀಗ ಕೆಟ್ಟು ಕಿರುಗುಟ್ಟಿದರೂ ಎಣ್ಣೆ ಹಾಕಿಸಿದಳೇ ಹೊರತು ಬದಲಾಯಿಸಲಿಲ್ಲ. "ಅವಳು ಬಂದಾಗ ಕೀಲಿ ತಿರುಗ್ಬೇಕಲ್ಲ" ಅನ್ನೋಳು. ನಾವೂ ಹೂಂ ಅಂತಿದ್ದೆವು. ಏನು ಅನ್ನೋಕಾಗುತ್ತೆ ಹೇಳಿ? "ಬರ್ತಾಳೆ ಬಿಡಕ್ಕ, ಎಲ್ಲಿದ್ರೂ ಚೆನ್ನಾಗಿರ್ತಾಳೆ" ಅಂತ ಸಮಾಧಾನ ಮಾಡ್ತಿದ್ದೆವು.

ಏಳನೇ ಪುಸ್ತಕ ಬರೋ ಹೊತ್ತಿಗೆ ಆ ಮನೆಯೇ ಹೋಗೋ ಕಾಲ ಬಂದಿತ್ತು. ಹಳೇ ಕಟ್ಟಡ, ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. ಕೆಡವಿ ಹೊಸದು ಕಟ್ಟಿಸ್ತೀನಿ ಅಂತ ಮಾಲೀಕ ಎಲ್ಲ ಬಾಡಿಗೆಯವರಿಗೂ ಊರಿನ ಇನ್ನೊಂದು ತುದಿಯಲ್ಲಿ ಬೇರೆ ಮನೆ ಕೊಟ್ಟಿದ್ದ. ತಿಂಗಳ ಕೊನೆಯೊಳಗೆ ಹೋಗದಿದ್ದರೆ ಆ ಮನೆ ಬೇರೆಯವರಿಗೆ ಅಂತ ಖಡಾಖಂಡಿತ ಹೇಳಿದ್ದ. ಒಬ್ಬೊಬ್ಬರೇ ಸಾಮಾನು ಕಟ್ಟಿಕೊಂಡು ಹೋದರು. ಅಕ್ಕ ಮಾತ್ರ ಇವತ್ತು ನಾಳೆ ಅಂತ ತಳ್ಳುತ್ತಿದ್ದಳು.

ಒಂದು ದಿನ ಊಟದ ಡಬ್ಬಿ ಮುಚ್ಚುತ್ತಾ ತಾನಾಗೇ ಹೇಳಿದಳು: "ಕೋಟಪ್ಪನದ್ದು ಮುಗೀಲಿ. ಮುಗಿದ ಮೇಲೆ ನನ್ನದೂ ತೀರ್ಮಾನ ಮಾಡ್ತೀನಿ."

ನೆಮ್ಮದಿಯಾಗಿ ಪುಸ್ತಕ ಓದಿ ಆಮೇಲೆ ಸಾಮಾನು ಕಟ್ತಾಳೆ ಅಂದುಕೊಂಡೆವು. ಅರ್ಧ ಪಾತ್ರೆ ಆಗಲೇ ಕಟ್ಟಿಟ್ಟಿದ್ದಳಂತೆ, ನಮಗೆ ಖುಷಿಯಾಯ್ತು.

ಏಳನೇದರ ಮೂರು ತುಂಡು ಸರಾಗವಾಗಿ ಕೈ ದಾಟಿದವು. ನಾಲ್ಕನೇದು ಸೂಜಿಯ ಹತ್ತಿರ ಹೋಯ್ತು, ಮೇಸ್ತ್ರಿ ಹತ್ತಿರ ಹೋಯ್ತು, ನನ್ನ ಹತ್ತಿರ ಬರಲೇ ಇಲ್ಲ. ಕೇಳಿ ಕೇಳಿ ಸಾಕಾಯ್ತು. ಆಮೇಲೆ ಒಂದು ಬೆಳಿಗ್ಗೆ ಮೇಸ್ತ್ರಿ ತಲೆ ಕೆರೆದುಕೊಳ್ತಾ ಬಂದು, "ಗುಡುಗಮ್ಮ, ನಿನ್ನೆ ಅದನ್ನ ನಿನ್ನ ಟ್ರಾಲಿ ಮೇಲೆ, ಬೆಡ್‌ಶೀಟ್ ಮೇಲೆ ಇಟ್ಟಿದ್ದೆ. ನೀನು ಬಟ್ಟೆ ಜೊತೆ ಸೇರಿಸಿ ಯಂತ್ರಕ್ಕೆ ಹಾಕಿಬಿಟ್ಟೆ ಅನ್ಸುತ್ತೆ" ಅಂದರು.

ನನ್ನ ಪಿತ್ತ ನೆತ್ತಿಗೇರಿತು. "ನಾನಾ? ಬೇರೆಯವರ ಹಲ್ಲಿನ ಸೆಟ್ಟು ಬಿಟ್ಟಿಲ್ಲ ನಾನು, ಪುಸ್ತಕ ಬಿಡ್ತೀನಾ? ಕಣ್ಣಿಗೇನು ಮಣ್ಣು ಬಿದ್ದಿದೆಯಾ ನಂಗೆ?" ಅಂತ ಕೂಗಾಡಿದೆ. ಮೇಲಿನ ಅಂತಸ್ತಿಗೂ ಕೇಳಿಸಿತಂತೆ. ಮೇಸ್ತ್ರಿ ಎಂದಿನ ಹಾಗೆ "ಇರಲಿ ಬಿಡು" ಅಂದರು. ಇರಲಿ ಬಿಡಬೇಕಂತೆ!

ಅಕ್ಕ ರೋಲರ್ ನಿಲ್ಲಿಸಿ ಬಂದಳು. ನನ್ನ ಕಡೆ ನೋಡಲೂ ಇಲ್ಲ. ಸೂಜಿಯ ಮುಂದೆ ನಿಂತು, "ನೀನು ಓದಿದೀಯಲ್ಲ. ಕೆಂಪು ಟೋಪಿ ಸಿಕ್ಕಿದ್ಲಾ?" ಅಂತ ಕೇಳಿದಳು.

ಸೂಜಿ ತಲೆ ಬಗ್ಗಿಸಿ ಬಟ್ಟೆಗೆ ಸೂಜಿ ಚುಚ್ಚುತ್ತಲೇ ಹೇಳಿದಳು. "ಸಿಕ್ಕಿದ್ಲಕ್ಕ. ಬೇರೆ ಊರಲ್ಲಿ ಚೆನ್ನಾಗಿದಾಳೆ. ಮದ್ವೆಯಾಗಿದೆ, ಇಬ್ರು ಮಕ್ಕಳು. ಕೋಟಪ್ಪ ಹೋಗಿ ಬಾಗಿಲು ತಟ್ತಾನೆ, ಅವಳೇ ತೆಗೀತಾಳೆ."

"ನಿಜವಾಗ್ಲೂ?"

ಸೂಜಿ ಮುಖ ಎತ್ತಿದಳು. ಕಣ್ಣಲ್ಲಿ ನೀರು ಧಾರಾಕಾರ. ಅಕ್ಕ ಆ ಮುಖವನ್ನ ಸುಮಾರು ಹೊತ್ತು ನೋಡಿದಳು. ಆಮೇಲೆ ಹೋಗಿ ಮತ್ತೆ ರೋಲರ್ ಶುರು ಮಾಡಿದಳು.

ಅದಾದ ಮೇಲೆ ಅಕ್ಕ ಮನೆ ಬದಲಾಯಿಸೋ ಮಾತನ್ನೇ ಬಿಟ್ಟಳು. ಕೇಳಿದರೆ "ನೋಡೋಣ" ಅನ್ನೋಳು. ತಿಂಗಳ ಕೊನೆ ಹತ್ತಿರ ಬರ್ತಿತ್ತು, ನನಗೆ ಒಳಗೊಳಗೇ ಕಳವಳ. ರಜೆಯ ದಿನ ನೋಡಿಕೊಂಡು ಬರೋಣ ಅಂತ ಅವಳ ಮನೆಗೆ ಹೋದೆ.

ಹೋಗಿ ನೋಡಿದೆ. ಕಟ್ಟಡದಲ್ಲಿ ನರಪಿಳ್ಳೆ ಇಲ್ಲ. ಖಾಲಿಯಾದ ಮನೆಗಳ ಬಾಗಿಲು ಕಿಟಕಿ ಕಿತ್ತುಕೊಂಡು ಹೋಗಿದ್ದರು. ಮೆಟ್ಟಿಲಿನ ಕಂಬಿ ಮುರಿದು ಜೋತುಬಿದ್ದಿತ್ತು. ನಲ್ಲಿಯಲ್ಲಿ ನೀರಿಲ್ಲ, ಅಕ್ಕ ಬೀದಿಯ ಕೊನೆಯಿಂದ ಬಕೆಟ್ಟಿನಲ್ಲಿ ಹೊತ್ತು ತರ್ತಿದ್ದಳು. ಒಳಗೆ ಮೂಲೆಯಲ್ಲಿ ಚಾವಣಿಯ ಗಾರೆ ಬುಟ್ಟಿಯಷ್ಟು ಉದುರಿ ಬಿದ್ದಿತ್ತು, ಅವಳು ಮಲಗೋ ಚಾಪೆಯಿಂದ ಒಂದು ಮಾರು ದೂರ ಅಷ್ಟೇ. ಕಟ್ಟಿದ್ದ ಪಾತ್ರೆಯೆಲ್ಲ ಬಿಚ್ಚಿ ಮತ್ತೆ ಗೂಡಿಗೆ ಜೋಡಿಸಿದ್ದಳು.

"ತಲೆ ಕೆಟ್ಟಿದೆಯಾ ಅಕ್ಕ ನಿಂಗೆ? ಇದು ಮೇಲೆ ಬಿದ್ರೆ ಏನ್ಗತಿ?" ಅಂತ ಗದರಿದೆ.

ಅಕ್ಕ ನನಗೆ ಟೀ ಕೊಟ್ಟಳು. ತಾನೂ ಒಂದು ಲೋಟ ಹಿಡಿದು ಗೋಡೆಗೆ ಒರಗಿ ಕೂತಳು.

"ನಾನು ಹೊರಡಬೇಕು ಅಂತಾನೇ ಇದ್ದೆ ಕಣೇ" ಅಂದಳು. "ಮೊದಲನೇ ಪುಸ್ತಕದಿಂದ ಅವನನ್ನ ನೋಡ್ತಾ ಬಂದಿದೀನಿ. ನಾನು ಹುಡುಕಿದ ಹಾಗೇ ಹುಡುಕ್ದ. ನಂಗೆ ಬಂದ ಹಾಗೇ ಸುಳ್ಳು ಸುದ್ದಿ ಬಂತು ಅವನಿಗೂ. ಪೊಲೀಸ್‌ನವನು, ಅವನ ಕೈಲೇ ಆಗದೇ ಹೋದ್ರೆ ನನ್ನ ಕೈಲೇನಾಗುತ್ತೆ? ಅವನಿಗೆ ಏನು ಗೊತ್ತಾಗುತ್ತೋ ನಾನೂ ಅದಕ್ಕೆ ತಲೆಬಾಗ್ತೀನಿ ಅಂತ ಮನಸ್ಸಲ್ಲೇ ಅಂದ್ಕೊಂಡಿದ್ದೆ. ಅವಳು ಸತ್ತಿದ್ರೆ ನಾನು ಈ ಮನೆ ಬಿಡ್ತೀನಿ ಅಂತ. ಸತ್ತಿರ್ತಾಳೆ ಅಂತಾನೇ ಅಂದ್ಕೊಂಡಿದ್ದೆ ನೋಡು." ಲೋಟ ಕೆಳಗಿಟ್ಟಳು. "ಆದ್ರೆ ಅವಳು ಬದುಕಿದಾಳೆ. ಅವನು ಬಿಡದೆ ಹುಡುಕ್ದ, ಸಿಕ್ಕಿದ್ಲು. ಇನ್ನು ನಾನು ಹೇಗೆ ಬಾಗಿಲು ಹಾಕ್ಕೊಂಡು ಹೋಗ್ಲಿ? ನಾಳೆ ಇವಳು ಬಂದ್ರೆ?"

ನಾನೂ ಲೋಟ ಕೆಳಗಿಟ್ಟೆ. ಪುಸ್ತಕ ಓದಿ ಯಾರಾದರೂ ಮನೆ ಬಿಡೋದು, ಇರೋದು ಗೊತ್ತು ಮಾಡ್ತಾರಾ ಅಂತ ನಗಬೇಕಿತ್ತು. ನಗು ಬರಲಿಲ್ಲ. ಇಪ್ಪತ್ತು ವರ್ಷ ಅವಳಿಗೆ ಕೇಳೋಕೆ ಅಂತ ಬೇರೆ ಯಾರಿದ್ದರು?

ಬಸ್ಸಿನಲ್ಲಿ ಬರ್ತಾ ನನ್ನ ತಲೆಯಲ್ಲಿ ಒಂದೇ ವಿಷಯ ಕೊರೀತಿತ್ತು. ಯಂತ್ರಕ್ಕೆ ಕಾಗದ ಬಿದ್ದರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ಲವಾ? ಒಂದು ಕಾಗದದ ಕರವಸ್ತ್ರ ಬಿದ್ದರೂ ಸಾಕು, ಇಡೀ ಗಂಟಿನ ಬಟ್ಟೆಗೆಲ್ಲ ಬಿಳೀ ಚೂರು ಮೆತ್ತಿಕೊಂಡು, ಬಿಡಿಸಿ ಬಿಡಿಸಿ ಬೆರಳು ಸೋಲುತ್ತೆ. ಇನ್ನು ಅಷ್ಟು ದಪ್ಪ ಪುಸ್ತಕ! ಅದಕ್ಕೆ ಹಸಿರು ಬಟ್ಟೆಯ ಹೊದಿಕೆ ಬೇರೆ. ಪುಟ ಕರಗಿದರೂ ಆ ಬಟ್ಟೆ ಎಲ್ಲಿ ಹೋಯ್ತು? ಅವತ್ತು ನೀರು ಹೋಗೋ ಜಾಲರಿ ನಾನೇ ತೊಳೆದಿದ್ದೆ. ಒಂದು ಚೂರು ಕಾಗದ ಇರಲಿಲ್ಲ. ಕೂಗಾಡೋ ಭರದಲ್ಲಿ ಈ ಯೋಚನೆಯೇ ಬಂದಿರಲಿಲ್ಲ, ನನ್ನ ಬುದ್ಧಿಗಿಷ್ಟು!

ಮಾರನೇ ದಿನ ಸೀದಾ ಸೂಜಿಯ ಮೇಜಿನ ಮುಂದೆ ನಿಂತೆ. "ಎಲ್ಲಿಟ್ಟಿದೀಯ?" ಅಂದೆ.

"ಏನು?"

"ಜಾಲರಿಯಲ್ಲಿ ಕಾಗದ ಇರ್ಲಿಲ್ಲ ಕಣೇ. ಎಲ್ಲಿಟ್ಟಿದೀಯ ಹೇಳು. ಇಲ್ದಿದ್ರೆ ಈ ಬಟ್ಟೆ ರಾಶಿನೆಲ್ಲ ಕೊಡವಿ ಹಾಕ್ತೀನಿ."

ಅವಳು ಹೊಲಿಗೆಗೆ ಬಂದಿದ್ದ ದಿಂಬಿನ ಕವರ್‌ಗಳ ಅಡಿಗೆ ಕೈ ಹಾಕಿ ಹಸಿರು ತುಂಡನ್ನ ಎಳೆದು ಕೊಟ್ಟಳು. ಕೊಡುವಾಗಲೇ ಅಳು ಶುರುವಾಗಿತ್ತು. ಗಾಜಿನ ಕೋಣೆಯಿಂದ ಮೇಸ್ತ್ರಿಯೂ ಎದ್ದು ಬಂದರು.

ನಾನು ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತು ಕೊನೇ ಅಧ್ಯಾಯ ಓದಿದೆ. ಕೆಂಪು ಟೋಪಿ ಬದುಕಿರಲಿಲ್ಲ. ಮನೆಯಿಂದ ಹೋದ ಆ ಸಂಜೆಯೇ ಸತ್ತಿದ್ದಳು. ಪಕ್ಕದ ಮನೆಯವನ ಗಾಡಿ ತಾಗಿತ್ತು, ಅವನು ಹೆದರಿ ಯಾರಿಗೂ ಹೇಳದೆ ದೋಣಿ ಇಡೋ ಕೊಟ್ಟಿಗೆಯ ನೆಲದಡಿ ಹೂತಿದ್ದ. ಎರಡನೇ ಪುಸ್ತಕದಲ್ಲಿ ಕೋಟಪ್ಪ ಅದೇ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅವನ ಜೊತೆ ಕಾಫಿ ಕುಡಿದಿದ್ದ.

"ಇದನ್ನ ಹೇಗೆ ಕೊಡ್ಲಿ ನಾನು ಅವಳ ಕೈಗೆ?" ಅಂದಳು ಸೂಜಿ. "ಎದೆ ಒಡೆದು ಸಾಯ್ತಾಳೆ ಕಣೇ."

ಮೇಸ್ತ್ರಿ ಮೆಲ್ಲಗೆ, "ಆ ಒಂದು ಆಸೆ ಮೇಲೆ ಬದುಕಿದಾಳಮ್ಮ ಅವಳು. ನಾವ್ಯಾಕೆ ಕಿತ್ಕೊಳ್ಳೋದು? ಇರಲಿ ಬಿಡು" ಅಂದರು.

"ಬದುಕಿದಾಳಾ? ಮೊನ್ನೆ ಗಾರೆ ಅವಳ ತಲೆ ಪಕ್ಕ ಬಿದ್ದಿದೆ, ಹೋಗಿ ನೋಡ್ಕೊಂಡು ಬನ್ನಿ!" ನನ್ನ ದನಿ ಎಲ್ಲಿಗೆ ಏರಿತೋ. "ಅವಳು ಮನೆ ಬಿಡೋಕೆ ಹೊರಟಿದ್ಲು. ನಿಮ್ಮ ಸುಳ್ಳು ಕೇಳಿ ಪಾತ್ರೆ ಬಿಚ್ಚಿದಾಳೆ. ಬುಲ್ಡೋಜರ್ ಬರೋವರೆಗೂ ಅಲ್ಲೇ ಕೂರ್ತಾಳೆ. ಆಮೇಲೆ ಇರಲಿ ಬಿಡಿ ನೀವು."

ನಿಜ ಹೇಳ್ತೀನಿ, ನನಗೂ ಹೆದರಿಕೆ ಇತ್ತು. ಸೂಜಿ ಹೇಳಿದ ಹಾಗೆ ಎದೆ ಒಡೆದುಬಿಟ್ಟರೆ? ಆದರೆ ಹಸಿರು ತುಂಡು ಕೈಯಲ್ಲಿ ಹಿಡಿದು ಸುಮ್ಮನೆ ಕೂರೋಕೂ ಆಗಲಿಲ್ಲ. ಪಾಳಿ ಮುಗಿದ ಮೇಲೆ ಅಕ್ಕನ ಜೊತೆಯಲ್ಲೇ ಅವಳ ಮನೆಗೆ ನಡೆದೆ. ದಾರಿಯುದ್ದಕ್ಕೂ ನಾನು ಮಾತಾಡದೇ ಇದ್ದದ್ದು ನೋಡಿ ಅವಳಿಗೆ ಅನುಮಾನ ಬಂದಿರಬೇಕು.

ಬಾಗಿಲಲ್ಲಿ ಬೀಗಕ್ಕೆ ಕೀಲಿ ಹಾಕಿದವಳು ಹಾಗೇ ನಿಂತು, "ಅವಳು ಸಿಕ್ಕಿಲ್ಲ ಅಲ್ವಾ?" ಅಂದಳು.

"ಸಿಕ್ಕಿದಾಳೆ" ಅಂದೆ. "ಆದ್ರೆ ಸೂಜಿ ಹೇಳಿದ ಹಾಗಲ್ಲ."

ಚೀಲದಿಂದ ತುಂಡು ತೆಗೆದು ಕೊಟ್ಟೆ. ಅಕ್ಕ ಹಸಿರು ಬಟ್ಟೆ ಸವರಿದಳು. ಮೊದಲನೇ ಪುಟ ತೆರೆದಳು, ಮುಚ್ಚಿದಳು. "ನೀನೇ ಓದು" ಅಂದಳು.

ಒಳಗೆ ಹೋಗಲಿಲ್ಲ. ಕಂಬಿ ಮುರಿದ ಮೆಟ್ಟಿಲಿನ ಮೇಲೇ ಕೂತು ಓದಿದೆ. ಗುಡುಗಿನ ದನಿ ಎಲ್ಲಿ ಹೋಯ್ತೋ, ಎರಡು ಸಲ ನೀರು ಕುಡಿದೆ. ಕೊಟ್ಟಿಗೆ ಬಂತು, ಅಗೆದದ್ದು ಬಂತು, ಟೋಪಿಯ ಉಣ್ಣೆ ದಾರ ಸಿಕ್ಕಿದ್ದು ಬಂತು. ಕೋಟಪ್ಪ ನೆಲದ ಮೇಲೆ ಕೂತುಬಿಡ್ತಾನೆ. ಜೊತೆಯ ಪೊಲೀಸಿನವನು ಏಳಿ ಸಾರ್ ಅಂತಾನೆ. ಅವನು ಹೇಳ್ತಾನೆ: ಅವಳು ಎಲ್ಲೋ ಕೂತು ನನ್ನ ದಾರಿ ನೋಡ್ತಿದ್ದಾಳೆ ಅಂತ ಇಷ್ಟು ವರ್ಷ ನನಗೆ ನಿದ್ದೆ ಬರಲಿಲ್ಲ, ಅವಳು ಒಂದು ದಿನವೂ ಕಾಯಲಿಲ್ಲ.

"ಇನ್ನೊಂದ್ಸಲ ಓದು ಅದನ್ನ" ಅಂದಳು ಅಕ್ಕ.

ಓದಿದೆ.

ಅವಳು ಅತ್ತಳು. ಅಷ್ಟು ವರ್ಷದಲ್ಲಿ ನಾನು ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಸದ್ದು ಮಾಡಿಕೊಂಡು, ಮೂಗು ಒರೆಸದೆ, ಮೆಟ್ಟಿಲಿನ ಗೋಡೆಗೆ ತಲೆ ಆನಿಸಿ ಅತ್ತಳು. ನಾನು ಬೆನ್ನು ನೀವುತ್ತಾ ಕೂತೆ. "ಅಕ್ಕ, ನಿನ್ನ ತಂಗಿ ವಿಷಯ ನಂಗೇನೂ ಗೊತ್ತಿಲ್ಲ. ಇದು ಪುಸ್ತಕದ್ದು ಅಷ್ಟೇ" ಅಂದೆ.

"ಅಷ್ಟು ಗೊತ್ತಾಗಲ್ವೇನೇ ನಂಗೆ? ಅವಳು ಬೇರೆ, ಇವಳು ಬೇರೆ." ಬಿಕ್ಕುತ್ತಲೇ ಬೈದಳು. "ಆದ್ರೆ ಎಲ್ಲರೂ ಬರ್ತಾಳೆ ಬರ್ತಾಳೆ ಅಂದ್ರಿ. ನನ್ನ ಹತ್ರ ಒಬ್ಬರಾದ್ರೂ ಸತ್ತಿರಬಹುದು ಅಂದ್ರಾ? ನಾನೇ ಹೇಗೆ ಮೊದಲು ಅನ್ಲಿ? ಅಂದ್ರೆ ನಾನೇ ಕೊಂದ ಹಾಗಲ್ವಾ? ಅತ್ರೂ ಕೊಂದ ಹಾಗೇ. ಅದಕ್ಕೇ ಅಳ್ಲಿಲ್ಲ."

ನಾನೂ ಅಂದವಳೇ, ಬರ್ತಾಳೆ ಬಿಡಕ್ಕ ಅಂತ.

ಆ ವಾರವೇ ನಾವು ನಾಲ್ಕೂ ಜನ ಸೇರಿ ಅವಳ ಸಾಮಾನು ಸಾಗಿಸಿದೆವು. ಆಸ್ಪತ್ರೆಯ ವ್ಯಾನ್ ಕೊಡಿಸಿದ್ದು ಮೇಸ್ತ್ರಿ. ಸೂಜಿ ಅಕ್ಕನ ಎದುರು ಬರೋಕೇ ಹೆದರಿ ಮೆಟ್ಟಿಲ ಕೆಳಗೆ ನಿಂತಿದ್ದಳು. ಅಕ್ಕ ಮೇಲಿಂದಲೇ, "ಅಳುಮುಂಜಿ, ಬಂದು ಈ ಹಾಸಿಗೆ ಹಿಡ್ಕೊ" ಅಂದಳು, ಅಲ್ಲಿಗೆ ಅದು ಮುಗೀತು. ಹೊರಡೋ ಮುಂಚೆ ಅಕ್ಕ ಹಳೇ ಬಾಗಿಲು ಹಾಕಿ ಬೀಗ ಹಾಕಿದಳು. ನಾಳೆ ಕೆಡವೋ ಮನೆಗೆ ಬೀಗ ಯಾಕೆ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು, ಹೇಗೋ ನುಂಗಿಕೊಂಡೆ. ಕೀಲಿಯನ್ನ ಬೀಗದಲ್ಲೇ ಬಿಟ್ಟು ಅವಳು ಕೆಳಗಿಳಿದಳು.

ಹೊಸ ಮನೆ ಚಿಕ್ಕದು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮಾಲೀಕನ ಕಡೆಯವನು ಬಂದು ಎರಡು ಕೀಲಿ ಕೊಟ್ಟು ಹೋದ. ಸಾಮಾನು ಜೋಡಿಸಿ ಎಲ್ಲರೂ ಹೊರಟಾಗ ಅಕ್ಕ ನನ್ನನ್ನ ಬಾಗಿಲಲ್ಲಿ ನಿಲ್ಲಿಸಿದಳು. ದಾರದಿಂದ ಒಂದು ಕೀಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

ಮಾತು ತೋಚದಿದ್ದಾಗ ನಾನು ಬೈಯೋದು. "ನನಗ್ಯಾಕೆ ಕೊಡ್ತೀಯ? ನಾನು ಕೊಡೆ, ಚಪ್ಪಲಿ, ಎಲ್ಲ ಕಳ್ಕೊಳ್ಳೋಳು. ಇದನ್ನೂ ಎಲ್ಲಾದ್ರೂ ಬೀಳಿಸ್ಕೊಂಡು ಬಂದ್ರೆ?"

"ಬೀಳಿಸ್ಕೊಂಡ್ರೆ ಬಂದು ಹೇಳು" ಅಂದಳು ಅಕ್ಕ. "ಬೀಗ ಬದಲಾಯಿಸ್ತೀನಿ."